ಎಡಬದಿಗೆ ಇಟ್ಟ ಚೂರಿ

ಚಿಕ್ಕಮ್ಮ ಕಾರಡ್ಕದಿಂದ ಒಂದು ಚೀಲ ಪೇರಳೆ ಹಣ್ಣು ಕಳಿಸಿದ್ದಾರೆ. ಚೀಲದ ಅಡಿಯಲ್ಲಿ ಅಜ್ಜನ ಮಡಚುವ ಚೂರಿಯೂ ಇತ್ತು.

ಅಜ್ಜ ಅದನ್ನು ಲುಂಗಿಯ ಸೊಂಟದ ಮಡಿಕೆಯಲ್ಲಿ ಸಿಕ್ಕಿಸಿಕೊಂಡೇ ತಿರುಗುತ್ತಿದ್ದರು. ಗೋಣಿಯ ಹುರಿ ಕತ್ತರಿಸಲು, ನನ್ನ ಪೆನ್ಸಿಲ್ ಹೆರೆಯಲು, ಎಲ್ಲದಕ್ಕೂ ಅದೇ. ಯಾರಾದರೂ ಕೇಳಿದರೆ ಕೈಗೆ ಕೊಡುತ್ತಿರಲಿಲ್ಲ, ನೆಲದ ಮೇಲೆ ಇಡುತ್ತಿದ್ದರು. ಕೇಳಿದವರೇ ಎತ್ತಿಕೊಳ್ಳಬೇಕು. ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುತ್ತಾರೆ. ಚೂರಿ ಕೈಯಿಂದ ಕೈಗೆ ಹೋದರೆ ಜಗಳ ಹುಟ್ಟುತ್ತದಂತೆ.

ಆದರೆ ಅಜ್ಜ ಜಗಲಿಯಲ್ಲಿ ಒಬ್ಬರೇ ಕೂತು ಪೇರಳೆ ಕೊಯ್ಯುವಾಗಲೂ ಚೂರಿಯನ್ನು ಎಡಬದಿಗೆ ಇಟ್ಟು, ತುಂಬ ಹೊತ್ತು ಸುಮ್ಮನೆ ಕಾದು, ಮತ್ತೆ ಎತ್ತಿಕೊಳ್ಳುತ್ತಿದ್ದರು. ಒಮ್ಮೆ ನಾನು ಅದನ್ನು ಎತ್ತಿಕೊಂಡೆ.

"ಇಡು ಅಲ್ಲಿ. ತಮ್ಮನದ್ದು ಕೊಯ್ದು ಇನ್ನೂ ಆಗಲಿಲ್ಲ."

"ಯಾವ ತಮ್ಮ ಅಜ್ಜ?"

"ನನ್ನ ತಮ್ಮ, ನಿನಗೆ ಗೊತ್ತಿಲ್ಲ. ಒಂದೇ ಒಂದು ಸಲ ಸಿಟ್ಟಿನಲ್ಲಿ ಇದನ್ನು ಅವನ ಕೈಗೇ ಕೊಟ್ಟೆ. ಆಮೇಲೆ ಮಾತು ಬಿಟ್ಟೆವು. ರಾಜಿ ಆಗುವ ಮೊದಲೇ ಅವ ತೀರಿಹೋದ."

ನಾನು ಚೂರಿಯನ್ನು ಹಾಗೇ ಇಟ್ಟುಬಿಟ್ಟೆ. ಸಿಮೆಂಟಿನ ಜಗಲಿ ತಣ್ಣಗಿತ್ತು, ಅಜ್ಜ ಚೂರಿ ಮುಟ್ಟಿ ಎಷ್ಟೋ ಹೊತ್ತಾಗಿತ್ತು. ಆದರೂ ನಾನು ಎತ್ತಿಕೊಂಡಾಗಲೇ ಅದರ ಹಿಡಿ ಈಗಷ್ಟೇ ಯಾರೋ ಹಿಡಿದು ಬಿಟ್ಟಂತೆ ಬೆಚ್ಚಗಿತ್ತು.

ಅಜ್ಜ ತೀರಿಕೊಂಡು ವರ್ಷಗಳಾದವು. ಇವತ್ತು ಅದೇ ಚೂರಿಯಿಂದ ಒಂದು ಪೇರಳೆ ಕೊಯ್ದು, ಯೋಚಿಸದೆ ಎಡಬದಿಗೆ ಇಟ್ಟೆ. ಈಗ ಅಲ್ಲಿ ಇಬ್ಬರಿರಬೇಕು ಅನ್ನಿಸಿ ಎರಡರಷ್ಟು ಹೊತ್ತು ಕಾದೆ. ಇದನ್ನು ಬರೆಯುವಾಗಲೂ ಚೂರಿ ಅಲ್ಲೇ ಇದೆ. ಹಿಡಿ ಮುಟ್ಟಿ ನೋಡುವ ಧೈರ್ಯ ನನಗಿಲ್ಲ.