ಜಿಂಕೆಗೆ ಬಿತ್ತಿದ ಅವರೆ

ಆಸ್ಟಿನ್‌ನಿಂದ ಒಂದು ಗಂಟೆಯ ದೂರದಲ್ಲಿ ನನ್ನದೊಂದು ತುಂಡು ಜಮೀನಿದೆ. ಡೈವೋರ್ಸ್ ಆದ ವರ್ಷ ಕೊಂಡದ್ದು. ರೌಂಡ್ ರಾಕ್‌ನ ಮನೆಯಲ್ಲಿ ವಾರವಿಡೀ ಕಂಪ್ಯೂಟರ್ ಪರದೆಯ ಮೇಲೆ ಮುಖಗಳನ್ನು ನೋಡಿ ನೋಡಿ, ಶನಿವಾರವಾದರೂ ಉಸಿರಾಡುವ ಪ್ರಾಣಿಯೊಂದು ಕಣ್ಣಿಗೆ ಬೀಳಲಿ ಅನ್ನಿಸುತ್ತಿತ್ತು. ಜಿಂಕೆ, ಟರ್ಕಿ ಕೋಳಿ ಬೇಕಾದಷ್ಟು ಬರುತ್ತವೆ ಎಂದು ಜಮೀನು ಮಾರಿದವನು ಹೇಳಿದ್ದ. ಬರುತ್ತಿದ್ದವು ನಿಜ, ನನ್ನ ನೆಲವನ್ನು ದಾಟಿಕೊಂಡು ಪಕ್ಕದ ಹೊಲಕ್ಕೆ.

ಪಕ್ಕದ ಹೊಲದ ಯಜಮಾನರು ಅಲ್ಲೇ ಹುಟ್ಟಿ ಬೆಳೆದವರು. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಹಸಿರು ಎಲ್ಲಿದೆಯೋ ಅಲ್ಲಿಗೆ ಅವು ಹೋಗುತ್ತವೆ, ನೀನೂ ಏನಾದರೂ ಬಿತ್ತು ಎಂದು ತಮ್ಮಲ್ಲಿ ಉಳಿದಿದ್ದ ಬೀಜದ ಚೀಲವೊಂದನ್ನು ಕೊಟ್ಟರು. ಮೇಲೆ ಕೊಂಬಿನ ಜಿಂಕೆಯ ಚಿತ್ರ. ಬಿಚ್ಚಿ ಕೈಹಾಕಿದರೆ ಅವರೆಕಾಳು! ಅದೇ ಕಂದು ಮೈ, ಅಂಚಿನಲ್ಲಿ ಅದೇ ಬಿಳಿ ಗೀಟು. ಎಲೆಗಾಗಿ ಬೆಳೆಸುವ ತಳಿ, ಹೂ ಬಿಡುವುದು ತಡ ಎಂದು ಚೀಲದ ಮೇಲೆ ಬರೆದಿತ್ತು. ಅವರೆಯ ವಿಷಯ ಮೈಸೂರಿನವಳಿಗೆ ಒಂದು ಚೀಲ ಹೇಳಿಕೊಡಬೇಕೆ ಎಂದುಕೊಂಡೆ.

ಪ್ಲೇನೋದಲ್ಲಿರುವ ಗೆಳತಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಹ್ಯೂಸ್ಟನ್‌ನಲ್ಲಿ ಓದುವಾಗ ನಾವಿಬ್ಬರೂ ಒಂದೇ ರೂಮಿನಲ್ಲಿದ್ದವರು. ಊರಿನಿಂದ ತಂದ ಒಣ ಅವರೆಯನ್ನು ನೆನೆಸಿಟ್ಟು, ನೆಲದ ಮೇಲೆ ಕೂತು, ಇಲ್ಲದ ಸುದ್ದಿಯೆಲ್ಲ ಆಡಿಕೊಳ್ಳುತ್ತಾ ಹಿತುಕುತ್ತಿದ್ದೆವು. ಅದು ಒಬ್ಬರೇ ಕೂತು ಮಾಡುವ ಕೆಲಸವೇ ಅಲ್ಲ.

"ಅಯ್ಯೋ, ಹಸಿ ಅವರೆಕಾಯಾ? ಕಾಯಿ ಬಿಡಲಿ ಕಣೇ, ಬಂದೇ ಬರ್ತೀನಿ. ಎರಡು ದಿನ ಇದ್ದು ಹೋಗ್ತೀನಿ" ಎಂದಳು. ವರ್ಷಗಳಿಂದ ಬರುತ್ತೇನೆ ಎನ್ನುತ್ತಲೇ ಇದ್ದವಳು. ಈ ಸಲ ಅವಳ ದನಿಯಲ್ಲಿ ಆಸೆಯಿತ್ತು. ನಾನು ನಂಬಿದೆ.

ಬಿತ್ತಿದ ಮೇಲೆ, ಜಿಂಕೆಗಳು ಮೊಳಕೆಯಲ್ಲೇ ತಿಂದು ಮುಗಿಸಿಬಿಡುತ್ತವೆ ಎಂದು ಯಜಮಾನರು ಕರೆಂಟ್ ತಂತಿಯ ಬೇಲಿ ಹಾಕಿಸಿಕೊಟ್ಟರು. ಗಿಡ ಮೊಣಕಾಲೆತ್ತರ ಬಂದ ಮೇಲೆ ತೆಗೆದುಬಿಡು ಎಂದರು. ಬಳ್ಳಿ ಮೊಣಕಾಲು ದಾಟಿತು, ಸೊಂಟ ಮುಟ್ಟಿತು. ನಾನು ತೆಗೆಯಲಿಲ್ಲ. ಸಂಜೆ ಜಿಂಕೆಗಳು ಬಂದು ತಂತಿಯಾಚೆ ನಿಲ್ಲುತ್ತಿದ್ದವು. ಟರ್ಕಿ ಕೋಳಿಯೊಂದು ಮರಿಗಳನ್ನು ಕಟ್ಟಿಕೊಂಡು ಬೇಲಿಯುದ್ದಕ್ಕೂ ಸುತ್ತು ಹಾಕಿ ಹೋಗುತ್ತಿತ್ತು. ಒಂದು ಹೆಣ್ಣು ಜಿಂಕೆ ತಂತಿಗೆ ಮೂಗು ತಾಗಿಸಿ ಬೆಚ್ಚಿ ಹಿಂದಕ್ಕೆ ನೆಗೆಯಿತು.

"ಸ್ವಲ್ಪ ತಡ್ಕೊಳ್ರಮ್ಮ, ಕಾಯಿ ಬಿಡಿಸ್ಕೊಂಡ ಮೇಲೆ ಎಲ್ಲಾ ನಿಮ್ದೇ" ಎಂದು ಕಾರಿನೊಳಗಿಂದಲೇ ಸಮಾಧಾನ ಹೇಳಿದೆ. ಎಷ್ಟೋ ವಾರ ನಾನು ಬಾಯಿಬಿಟ್ಟು ಆಡಿದ ಕನ್ನಡ ಅಷ್ಟೇ.

ಜಿಂಕೆಗೆಂದು ಬಿತ್ತಿ ಜಿಂಕೆಗೇ ಬೇಲಿಯೇ ಎಂದು ಯಜಮಾನರು ನಕ್ಕರು. ಗೆಳತಿ ಬರುತ್ತಾಳೆ ಎಂದೆ. ಚಳಿ ಶುರುವಾಗುವ ಹೊತ್ತಿಗೆ ಜಿಂಕೆಗಳು ಬರುವುದನ್ನೇ ಬಿಟ್ಟವು. ನನಗೆ ಆಗ ಅದು ದೊಡ್ಡ ವಿಷಯ ಅನ್ನಿಸಲಿಲ್ಲ, ಯಾಕೆಂದರೆ ಬಳ್ಳಿಯಲ್ಲಿ ಕೊನೆಗೂ ಹೂ ಬಂದಿತ್ತು. ಫೋಟೊ ಕಳಿಸಿದೆ. ಗೆಳತಿ ಒಂದು ಹೃದಯದ ಚಿತ್ರ ಕಳಿಸಿದಳು. ಆ ವಾರವೇ ಹಿಮ ಬಿತ್ತು. ಹೋಗಿ ನೋಡಿದರೆ ಹೂವು, ಎಲೆ ಎಲ್ಲ ಕರಕಲು.

"ಕಾಯಿ ಬಿಡಲೇ ಇಲ್ಲ ಕಣೇ" ಎಂದು ಫೋನ್ ಮಾಡಿದೆ.

"ಯಾವ ಕಾಯಿ?" ಎಂದಳು. ನೆನಪಿಸಿದೆ. "ಓ, ಅದಾ. ಬಿಡೇ, ಇಲ್ಲಿ ಇಂಡಿಯನ್ ಸ್ಟೋರಲ್ಲಿ ಹಿತಕಿದ ಬೇಳೇನೇ ಫ್ರೋಜನ್ ಸಿಗುತ್ತೆ. ಮಗಳನ್ನ ಕ್ಲಾಸಿಗೆ ಡ್ರಾಪ್ ಮಾಡ್ಬೇಕು, ಆಮೇಲೆ ಮಾತಾಡ್ತೀನಿ."

ಕಾಯಿ ಬಿಡದಿದ್ದರೂ ಬಾರೇ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಫೋನ್ ಇಟ್ಟಾಗಿತ್ತು.

ಅಂದೇ ತಂತಿ ಬಿಚ್ಚಿ ಸುತ್ತಿಟ್ಟೆ. ಕಾರಿನಲ್ಲಿ ಕೂತು ಹೊತ್ತು ಮುಳುಗುವವರೆಗೂ ಕಾದೆ. ಯಜಮಾನರ ಹೊಲದಲ್ಲಿ ಜಿಂಕೆಗಳ ಹಿಂಡೇ ಮೇಯುತ್ತಿತ್ತು. ಬೇಸಿಗೆಯುದ್ದಕ್ಕೂ ತಾವಾಗಿ ಬಂದು ನಿಂತವರನ್ನು ಆಚೆಯೇ ನಿಲ್ಲಿಸಿ, ಬಾರದವಳಿಗೆ ಎತ್ತಿಟ್ಟಿದ್ದೆ. ಅವಳ ಮೇಲೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕಾರಿನಿಂದಿಳಿದು ಪಾತಿಯ ಅಂಚಿಗೆ ಹೋಗಿ "ಬನ್ರೋ" ಎಂದು ಕೂಗಿದೆ. ಆಚೆಯ ಹೊಲದಲ್ಲಿ ಅಷ್ಟೂ ತಲೆಗಳು ಒಟ್ಟಿಗೆ ಎದ್ದವು, ನನ್ನ ದನಿಗೆ ಬೆದರಿ ಎಲ್ಲವೂ ಮರಗಳೊಳಗೆ ಓಡಿಹೋದವು.