ಗೋಲ್‌ಕೀಪರನ ರವಿವಾರದ ಪಾಳಿ

ಇಂಡಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಸಿಂದಗಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಮೂವರದು ಜೋರು ಜಗಳ. ಒಬ್ಬರು ಸಾಲಿ ಮಾಸ್ತರು, ಒಬ್ಬ ಟೆಂಪೊ ಚಾಲಕ, ಇನ್ನೊಬ್ಬ ಎಲ್ಲರೂ ಮುತ್ಯಾ ಎಂದು ಕರೆಯುವ ನಿಂಬೆ ತೋಟದ ಮುದುಕ. ಅವರ ಊರಿನ ಫುಟ್‌ಬಾಲ್ ತಂಡ ರವಿವಾರದ ಪಂದ್ಯ ಸೋತರೆ ಲೀಗಿನ ಕೆಳಗಿನ ವಿಭಾಗಕ್ಕೆ ಇಳಿಯುತ್ತದಂತೆ. ಸಮ ಮಾಡಿಕೊಂಡರೂ ಉಳಿಯುತ್ತದಂತೆ.

"ಒಂದು ಗೋಲ್ ಹೊಡಿಯಾಕ ಬರೂದಿಲ್ಲ, ಎಲ್ಲಿ ಉಳೀತಾರ?" ಎಂದ ಮುತ್ಯಾ.

"ಹೊಡಿಯೂದು ಬ್ಯಾಡೋ ಮುತ್ಯಾ, ಬಿಟ್ಟುಕೊಡದಿದ್ರ ಸಾಕು. ಗೋಲ್‌ನ್ಯಾಗ ನಮ್ಮ ಬಸು ಅದಾನಲ್ಲ," ಎಂದರು ಮಾಸ್ತರು.

ಟೆಂಪೊದವನು ಕಪ್ಪು ಕೆಳಗಿಟ್ಟ. "ಬಸು ಎಲ್ಲಿ ಬರ್ತಾನ್ರಿ? ರವಿವಾರ ಅವಂಗ ನೀರಾವರಿ ಇಲಾಖಿ ಡ್ಯೂಟಿ ಐತಿ. ಕಾಲುವಿ ಗೇಟ್ ಎತ್ತಿ ಹೊಲಕ್ಕ ನೀರು ಬಿಡಬೇಕು."

"ಅವತ್ತು ನೀರಿನ ಪಾಳಿ ಯಾರದು?" ಮಾಸ್ತರು ಕೇಳಿದರು.

"ನಂದ ಐತಿ," ಎಂದ ಮುತ್ಯಾ.

ಇಬ್ಬರೂ ಅವನ ಮುಖವನ್ನೇ ನೋಡಿದರು. "ಗಿಡ ಬಾಡ್ಯಾವಲೇ," ಎಂದು ಗೊಣಗಿದ ಮುತ್ಯಾ. ಚಹಾ ಮುಗಿಸಿ, ಮೀಸೆ ಒರೆಸಿಕೊಂಡು, ಅಂಗಿ ಕಿಸೆಯಿಂದ ಫೋನ್ ತೆಗೆದು ನೀರಾವರಿ ಸಾಹೇಬರಿಗೆ ಹಚ್ಚಿದ.

"ಸಾಹೇಬ್ರ, ನಮ್ಮ ಪಾಳಿ ಸೋಮವಾರಕ್ಕ ಹಾಕ್ರಿ. ಹೌದ್ರಿ, ಗಿಡ ಒಂದಿನ ತಡಕೋತಾವು. ಬಸುಗ ರಜಾ ಕೊಡ್ರಿ."

ಟೆಂಪೊದವನು ಖುಷಿಗೆ ಎದ್ದೇ ನಿಂತ. ಮುತ್ಯಾ ಫೋನು ಕಿಸೆಗೆ ಹಾಕಿಕೊಂಡು ಅವನನ್ನು ಕೈಹಿಡಿದು ಕೂರಿಸಿದ.

"ಕುಂದರಲೇ. ಇಷ್ಟಾದ ಮ್ಯಾಲೂ ಸೋಲ್ತಾರ, ನೋಡ್ತಿರು."