ಈಶಾಡಿಗೆ ಮೆಲ್ಲಗೆ ಅಂದರೆ ಬಂದ್

ನಮ್ಮ ಹಟ್ಟಿಕೇರಿ ತೋಟದ ಈಶಾಡು ಮಾವನ್ನು ನಾನು ಸ್ವಂತ ವೆಬ್‌ಸೈಟಿನಲ್ಲಿ ಮಾರುತ್ತೇನೆ. ಈ ಸಲ ಹಂಗಾಮು ಶುರುವಾದದ್ದೇ ತಡ, ಕಾರವಾರದ ಗಿರಾಕಿಗಳಿಂದ ಒಂದೇ ದೂರು: ಮನೆಯ ಕೇಬಲ್ ಇಂಟರ್ನೆಟ್ಟಿನಲ್ಲಿ ನನ್ನ ಸೈಟು ತೆರೆಯುವುದೇ ಇಲ್ಲ, ಸುಮ್ಮನೆ ಗಿರಗಿರ ತಿರುಗುತ್ತದೆ. ಆ ಕೇಬಲ್‌ನವರು ತಾವೇ ಹಣ್ಣು ಮಾರುವ ಆ್ಯಪ್ ಶುರುಮಾಡಿದ್ದಾರೆಂದು ತಿಳಿದಾಗ ಮೈಯೆಲ್ಲ ಉರಿಯಿತು. ಸೀದಾ ಅಂಕೋಲೆಯ ಅವರ ಆಫೀಸಿಗೆ ಹೋದೆ.

ಕೌಂಟರಿನ ತರುಣ ನಕ್ಕ. “ಬಂದ್ ಮಾಡ್ಲಿಲ್ಲ ಅಕ್ಕಾ, ಸ್ವಲ್ಪ ಮೆಲ್ಲಗೆ ಬರ್ತದೆ ಅಷ್ಟೇ. ನಿಮ್ಮ ಹಣ್ಣನ್ನ ನಮ್ಮ ಆ್ಯಪಿಗೆ ಹಾಕಿ, ಫಾಸ್ಟ್ ಬರ್ತದೆ.”

“ಎಲ್ಲ ಸೈಟನ್ನೂ ಒಂದೇ ರೀತಿ ಬಿಡ್ಬೇಕು ಅಂತ ನಿಯಮ ಇಲ್ವಾ?”

“ನಿಯಮ ಇದೆ ಅಕ್ಕಾ. ಆದ್ರೆ ಲೈನ್ ನಮ್ದಲ್ವಾ?”

“ನಾನು ದಿನಾ ಬಸ್ಸಿಗೆ ಬುಟ್ಟಿ ಹಾಕ್ತೇನೆ. ಕಂಡಕ್ಟರನಿಗೂ ಮಾವಿನ ತೋಟ ಉಂಟು. ಹಾಗಂತ ನನ್ನ ಬುಟ್ಟಿ ದಾರೀಲಿ ಇಳಿಸ್ತಾನಾ? ಈಶಾಡು ತಡವಾದ್ರೆ ಕೊಳೀತದೆ. ಅದಕ್ಕೆ ಮೆಲ್ಲಗೆ ಅಂದ್ರೂ ಬಂದ್ ಅಂದ್ರೂ ಒಂದೇ!” ನನ್ನ ದನಿಗೆ ರಸ್ತೆಯವರೂ ಇಣುಕಿದರು.

ಅವನು ಮೊಬೈಲ್ ತೆಗೆದ. “ಸಿಟ್ಟಾಗ್ಬೇಡಿ. ನಮ್ಮ ಆಯಿಗೆ ನಿಮ್ಮ ಹಣ್ಣೇ ಬೇಕಂತೆ. ಈಗ್ಲೇ ಆರ್ಡರ್ ಹಾಕ್ತೆ.”

ನನ್ನ ಸೈಟು ತಿರುಗಿತು, ತಿರುಗುತ್ತಲೇ ಇತ್ತು. ಅವನು ನನ್ನ ಮುಖ ನೋಡದೆ ಆಫೀಸಿನ ವೈಫೈ ಆಫ್ ಮಾಡಿ, ತನ್ನ ಸಿಮ್ಮಿನ ಡೇಟಾ ಆನ್ ಮಾಡಿದ. ಸೈಟು ತಕ್ಷಣ ತೆರೆಯಿತು. ನನ್ನ ಸಿಟ್ಟು ಇಳಿಯುವುದಿರಲಿ, ನೆತ್ತಿಗೇರಿತು.

“ಹಣ್ಣು ಯಾವಾಗ ಬರ್ತದೆ ಅಕ್ಕಾ?”

“ಬಂದ್ ಮಾಡುದಿಲ್ಲ ತಮಾ,” ಎಂದೆ. “ಸ್ವಲ್ಪ ಮೆಲ್ಲಗೆ ಬರ್ತದೆ ಅಷ್ಟೇ.”